ತುಟಿ ಒಬ್ಬರದು, ದನಿ ಮತ್ತೊಬ್ಬರದು: ಬೆಳ್ಳಿತೆರೆಯಿಂದ ಪೀಣ್ಯದ ವೇದಿಕೆಯವರೆಗೆ ಲಿಪ್ ಸಿಂಕ್

ನವೆಂಬರ್ ತಿಂಗಳು ಬಂತೆಂದರೆ ಪೀಣ್ಯ ಕೈಗಾರಿಕಾ ಪ್ರದೇಶದ ಅಡ್ಡರಸ್ತೆಗಳಲ್ಲಿ ಹಳದಿ-ಕೆಂಪು ಬಾವುಟಗಳು ಏರುತ್ತವೆ. ಕಾರ್ಖಾನೆಯ ಗೇಟಿನೆದುರು ಶಾಮಿಯಾನ, ಭುವನೇಶ್ವರಿಯ ಚಿತ್ರಪಟಕ್ಕೆ ಹೂವಿನ ಹಾರ, ಸಂಜೆಗೆ ರಸಮಂಜರಿ. ವೈಟ್‌ಫೀಲ್ಡ್ ಹಾಗೂ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿಯೂ ರಾಜ್ಯೋತ್ಸವ, ವಾರ್ಷಿಕೋತ್ಸವಗಳ ಹೆಸರಿನಲ್ಲಿ ಇಂಥದೇ ವೇದಿಕೆಗಳು ಸಿದ್ಧವಾಗುತ್ತವೆ. ಅಲ್ಲಿ ಕೈಗೆ ಕಡಗ ತೊಟ್ಟ ಜೂನಿಯರ್ ವಿಷ್ಣುವರ್ಧನ್ ಒಬ್ಬರು ರಂಗಕ್ಕೆ ಬರುತ್ತಾರೆ. ಹಾಡು ಧ್ವನಿಮುದ್ರಿಕೆಯದು, ದನಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರದು, ತುಟಿ ಮಾತ್ರ ಜೂನಿಯರ್ ಕಲಾವಿದನದು. ಸಭೆ ಸಿಳ್ಳೆ ಹೊಡೆದು ಸಂತೋಷಪಡುತ್ತದೆ. ಮೋಸವಾಯಿತೆಂದು ಯಾರೂ ದೂರುವುದಿಲ್ಲ.

ಅರ್ಧ ಗಂಟೆಯ ಬಳಿಕ ಅದೇ ವೇದಿಕೆಗೆ ಗಾಯಕರೆಂದು ಘೋಷಿಸಲ್ಪಟ್ಟ ಒಬ್ಬರು ಬರುತ್ತಾರೆ. ಪಲ್ಲವಿಯ ನಡುವೆ ಮೈಕನ್ನು ಸೊಂಟದ ಬಳಿಗೆ ಇಳಿಸುತ್ತಾರೆ, ಹಾಡು ಮಾತ್ರ ನಿಲ್ಲುವುದಿಲ್ಲ. ಹಿಂದಿನ ಸಾಲಿನಲ್ಲಿ ಗುಸುಗುಸು ಆರಂಭವಾಗುತ್ತದೆ. ಈ ಬಗೆಯ ದೃಶ್ಯ ನಗರದ ಹೊರವಲಯದ ಓದುಗರಿಗೆ ಅಪರಿಚಿತವೇನಲ್ಲ. ಇಬ್ಬರೂ ಮಾಡಿದ್ದು ಒಂದೇ ಕೆಲಸ. ಒಬ್ಬರಿಗೆ ಚಪ್ಪಾಳೆ, ಇನ್ನೊಬ್ಬರಿಗೆ ಅನುಮಾನ. ಏಕೆಂಬುದನ್ನು ಅರಿಯಲು ಲಿಪ್ ಸಿಂಕ್ ಎಂದರೇನು, ಅದು ಕನ್ನಡಿಗರ ಬಳಿಗೆ ಹೇಗೆ ಬಂತು ಎಂಬುದನ್ನು ತುಸು ವಿವರವಾಗಿ ನೋಡುವುದು ಅಗತ್ಯ.

ಮೊದಲೇ ಮುದ್ರಿಸಿಕೊಂಡ ಹಾಡು ಅಥವಾ ಮಾತಿಗೆ ತಕ್ಕಂತೆ, ಅದು ತನ್ನ ಬಾಯಿಂದಲೇ ಹೊರಡುತ್ತಿದೆಯೆಂಬ ಭಾವನೆ ಮೂಡುವಂತೆ, ತುಟಿಯನ್ನು ಚಲಿಸುವುದೇ ಲಿಪ್ ಸಿಂಕ್. ಮುದ್ರಿತ ದನಿ ಸ್ವತಃ ಆ ಕಲಾವಿದನದೇ ಆಗಿರಬಹುದು, ಬೇರೆಯವರದೂ ಆಗಿರಬಹುದು. ಚಲನಚಿತ್ರ ಮತ್ತು ಸಂಗೀತ ವಿಡಿಯೋಗಳಲ್ಲಿ ಇದು ದೈನಂದಿನ ಕ್ರಮ. ನೇರ ವೇದಿಕೆಯಲ್ಲಿ ಮಾತ್ರ ವಿವಾದದ ವಸ್ತು.

ಹಾಡಲು ಬಾರದವನು ನಟನೇ ಅಲ್ಲ

ದನಿ ಒಂದೆಡೆ, ದೇಹ ಇನ್ನೊಂದೆಡೆ ಇರುವುದು ಕನ್ನಡ ನೆಲಕ್ಕೆ ಹೊಸತಲ್ಲ. ಯಕ್ಷಗಾನದಲ್ಲಿ ಪಾತ್ರದ ಪದ್ಯವನ್ನು ಹಾಡುವವರು ಭಾಗವತರು, ಕುಣಿಯುವವರು ವೇಷಧಾರಿಗಳು. ಆದರೆ ಭಾಗವತರು ರಂಗದ ಮೇಲೆಯೇ, ಎಲ್ಲರ ಕಣ್ಣೆದುರಿನಲ್ಲಿಯೇ ಕುಳಿತಿರುತ್ತಾರೆ. ಮರೆಮಾಚುವ ಪ್ರಶ್ನೆಯೇ ಇಲ್ಲ. ವೃತ್ತಿರಂಗಭೂಮಿಯಲ್ಲಾದರೋ ಪದ್ಧತಿ ಬೇರೆ. ಗುಬ್ಬಿ ವೀರಣ್ಣನವರ ಕಂಪನಿಯಂತಹ ನಾಟಕ ಮಂಡಳಿಗಳಲ್ಲಿ ನಟನಾದವನು ಕಂದ, ಮಟ್ಟುಗಳನ್ನು ತಾನೇ ಹಾಡಬೇಕಿತ್ತು. ಮೈಕಿಲ್ಲದ ಕಾಲದಲ್ಲಿ ಕೊನೆಯ ಬೆಂಚಿಗೂ ಕೇಳಿಸುವ ಕಂಠವೇ ಅವನ ಬಂಡವಾಳ.

1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಇಂಥ ರಂಗನಟರೇ ಬೇಕಾದುದು ಸಹಜವೇ ಆಗಿತ್ತು. ವೈ.ವಿ. ರಾವ್ ನಿರ್ದೇಶನದ ಆ ಚಿತ್ರದಲ್ಲಿ ಎಂ.ವಿ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಮೊದಲಾದವರು ನಟಿಸಿದ್ದರು. ಆ ಕಾಲದ ವಾಕ್ಚಿತ್ರಗಳಲ್ಲಿ ಕ್ಯಾಮೆರಾ ಓಡುತ್ತಿರುವಾಗಲೇ ನಟ ಹಾಡಬೇಕು, ಪಕ್ಕವಾದ್ಯದವರು ಚೌಕಟ್ಟಿನ ಆಚೆ ಕುಳಿತು ನುಡಿಸಬೇಕು. ಒಂದು ತಪ್ಪು ಸ್ವರ ಬಿದ್ದರೆ ಇಡೀ ದೃಶ್ಯ ಮರುಚಿತ್ರೀಕರಣ.

ಈ ಕಟ್ಟನ್ನು ಸಡಿಲಿಸಿದ್ದು ಕಲ್ಕತ್ತೆಯ ನ್ಯೂ ಥಿಯೇಟರ್ಸ್. 1935ರಲ್ಲಿ ನಿತಿನ್ ಬೋಸ್ ನಿರ್ದೇಶಿಸಿದ ಬಂಗಾಳಿಯ ‘ಭಾಗ್ಯಚಕ್ರ’ ಹಾಗೂ ಅದರ ಹಿಂದಿ ರೂಪ ‘ಧೂಪ್ ಛಾಂವ್’ ಚಿತ್ರಗಳಲ್ಲಿ ಹಾಡನ್ನು ಮೊದಲೇ ಮುದ್ರಿಸಿಕೊಂಡು, ಅದನ್ನು ನುಡಿಸುತ್ತ ಚಿತ್ರೀಕರಿಸಲಾಯಿತು. ಹಿನ್ನೆಲೆ ಗಾಯನ ಪದ್ಧತಿಯ ಆರಂಭವನ್ನು ಭಾರತದಲ್ಲಿ ಇಲ್ಲಿಂದಲೇ ಎಣಿಸುವುದು ವಾಡಿಕೆ. ಅಲ್ಲಿಂದ ಮುಂದೆ ಹಾಡಲು ಬಾರದ ನಟನಿಗೂ, ತೆರೆಗೆ ಒಗ್ಗದ ಗಾಯಕನಿಗೂ ಚಿತ್ರರಂಗದ ಬಾಗಿಲು ತೆರೆಯಿತು.

ರಾಜ್‌ಕುಮಾರ್ ಎಂಬ ಅಪರೂಪದ ಉದಾಹರಣೆ

ಪೀಣ್ಯಕ್ಕೆ ಸಮೀಪದಲ್ಲಿಯೇ, ನಂದಿನಿ ಬಡಾವಣೆಯ ಬದಿಯಲ್ಲಿ ಕಂಠೀರವ ಸ್ಟುಡಿಯೋ ಇದೆ. 2006ರ ಏಪ್ರಿಲ್ 12ರಂದು ನಿಧನರಾದ ಡಾ. ರಾಜ್‌ಕುಮಾರ್ ಅವರ ಸಮಾಧಿ ಇರುವುದೂ ಅಲ್ಲಿಯೇ. ಲಿಪ್ ಸಿಂಕ್ ಕುರಿತು ಕನ್ನಡದಲ್ಲಿ ಬರೆಯುವವರು ಅವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಗುಬ್ಬಿ ಕಂಪನಿಯಲ್ಲಿ ಪಳಗಿದ, ಹಾಡಬಲ್ಲ ಈ ನಟ ಸುಮಾರು ಎರಡು ದಶಕಗಳ ಕಾಲ ಹೆಚ್ಚಾಗಿ ಪರರ ದನಿಗೆ ತುಟಿ ಕೊಟ್ಟವರು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಕಣ್ಣಪ್ಪನ ಮೊರೆಗೆ ದನಿಯಾದವರು ಸಿ.ಎಸ್. ಜಯರಾಮನ್. ಅನಂತರ ಪಿ.ಬಿ. ಶ್ರೀನಿವಾಸ್ ಅವರ ಮಂದ್ರ ಕಂಠ ರಾಜ್‌ಕುಮಾರ್ ಮುಖಕ್ಕೆ ಎಷ್ಟು ಒಪ್ಪಿತೆಂದರೆ, ಅವರಿಬ್ಬರನ್ನು ಶರೀರ-ಶಾರೀರ ಎಂದು ಕರೆಯುವ ರೂಢಿಯೇ ಬೆಳೆಯಿತು. ಆಂಧ್ರದ ಕಾಕಿನಾಡದಲ್ಲಿ ಹುಟ್ಟಿದ ಗಾಯಕರ ದನಿಯನ್ನು ಕನ್ನಡಿಗರು ಗಾಜನೂರಿನ ನಟನ ದನಿಯೆಂದೇ ಬಗೆದು ಪ್ರೀತಿಸಿದರು.

1956ರ ‘ಓಹಿಲೇಶ್ವರ’ದಲ್ಲಿಯೇ ರಾಜ್‌ಕುಮಾರ್ ಒಮ್ಮೆ ಹಾಡಿದ್ದುಂಟು. ಆದರೆ ತಿರುವು ಬಂದದ್ದು 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ. ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ, ಎಮ್ಮೆಯ ಮೇಲೆ ಕುಳಿತು ಹಾಡುವ ಆ ಗೀತೆ ನಾಡಿನ ಮೂಲೆಮೂಲೆಯನ್ನು ಮುಟ್ಟಿತು. ಅಲ್ಲಿಂದಾಚೆಗೆ ಅವರ ತುಟಿಗೆ ಅವರದೇ ದನಿ. 1992ರ ‘ಜೀವನ ಚೈತ್ರ’ದ ಹಾಡಿಗೆ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿಯೂ ಅವರಿಗೇ ಸಂದಿತು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ತಾವೇ ಹಾಡಿದ ಮೇಲೂ ರಾಜ್‌ಕುಮಾರ್ ತೆರೆಯ ಮೇಲೆ ಮಾಡಿದ್ದು ಲಿಪ್ ಸಿಂಕೇ. ಸ್ಟುಡಿಯೋದಲ್ಲಿ ಎಂದೋ ಹಾಡಿದ ಹಾಡಿಗೆ ಚಿತ್ರೀಕರಣದ ಬಯಲಿನಲ್ಲಿ ಇನ್ನೆಂದೋ ತುಟಿ ಕೂಡಿಸಿದ್ದು. ದನಿ ಯಾರದೆಂಬ ಪ್ರಶ್ನೆ ಬೇರೆ, ದನಿ ಯಾವಾಗಿನದೆಂಬ ಪ್ರಶ್ನೆ ಬೇರೆ. ವೇದಿಕೆಯ ವಿವಾದಗಳಲ್ಲಿ ಇವೆರಡೂ ಕಲಸಿಹೋಗುತ್ತವೆ.

ನಟನಿಗೆ ತಕ್ಕಂತೆ ದನಿಯನ್ನು ಬಾಗಿಸಿದ ಗಾಯಕರೂ ಉಂಟು. 2020ರ ಸೆಪ್ಟೆಂಬರ್ 25ರಂದು ನಿಧನರಾದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ವಿಷ್ಣುವರ್ಧನ್, ಶಂಕರ್‌ನಾಗ್, ಅಂಬರೀಶ್, ಶ್ರೀನಾಥ್ ಇವರೆಲ್ಲರಿಗೂ ಹಾಡಿದರು. ಹೀಗೆ ಹಾಡುವಾಗ ನಟನ ಮಾತಿನ ಧಾಟಿಯನ್ನು ಹಾಡಿನೊಳಗೆ ತರುತ್ತಿದ್ದರೆಂಬುದು ಕೇಳುಗರ ಅನುಭವ. ಹಂಸಲೇಖ ಸಂಗೀತದ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರದಲ್ಲಿ ಅಂಧ ಗವಾಯಿಯ ಪಾತ್ರ ಲೋಕೇಶ್ ಅವರದು, ಗಾಯನ ಬಾಲಸುಬ್ರಹ್ಮಣ್ಯಂ ಅವರದು. ಆ ಗಾಯನಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಹಿಂದೂಸ್ತಾನಿ ಸಂಗೀತಕ್ಕೆ ತುಟಿ ಕೂಡಿಸುವುದೆಂದರೆ ಬರೀ ಬಾಯಿ ಆಡಿಸುವುದಲ್ಲ. ತಾನಿನ ಜೊತೆಗೆ ಗಂಟಲು, ಹುಬ್ಬು, ಉಸಿರು, ಕೈ ಎಲ್ಲವೂ ಸಾಗಬೇಕು. ನುರಿತ ನಟರಿಗೂ ಇದು ಪರೀಕ್ಷೆಯೇ.

ತುಟಿ ಮುಚ್ಚುವ ಅಕ್ಷರಗಳು

ಚಿತ್ರೀಕರಣದ ಸ್ಥಳದಲ್ಲಿ ಹಾಡನ್ನು ದೊಡ್ಡ ಸ್ಪೀಕರಿನಲ್ಲಿ ನುಡಿಸಲಾಗುತ್ತದೆ. ಸ್ವಿಟ್ಜರ್ಲೆಂಡಿನ ಸ್ಟೀಫನ್ ಕುಡೆಲ್‌ಸ್ಕಿ 1951ರಲ್ಲಿ ರೂಪಿಸಿದ ನಾಗ್ರಾ ಯಂತ್ರದ ಹೆಸರು ಭಾರತದ ಚಿತ್ರತಂಡಗಳಲ್ಲಿ ಈ ಕೆಲಸಕ್ಕೇ ಅಂಟಿಕೊಂಡಿತು. ಚಿತ್ರ ಸೆಕೆಂಡಿಗೆ 24 ಫ್ರೇಮುಗಳಂತೆ ಓಡುತ್ತದೆ. ಅಂದರೆ ಒಂದು ಫ್ರೇಮಿನ ಅವಧಿ ಸುಮಾರು 42 ಮಿಲಿಸೆಕೆಂಡು. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ದನಿ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡು ಮುಂದೆ ಹೋದರೆ ನೋಡುಗರ ಅರಿವಿಗೆ ಬರುತ್ತದೆ. ಹಿಂದುಳಿದರೆ ಮಾತ್ರ 125 ಮಿಲಿಸೆಕೆಂಡುಗಳವರೆಗೆ ಗೊತ್ತಾಗುವುದಿಲ್ಲ. ಮಿಂಚು ಮೊದಲು, ಗುಡುಗು ಆಮೇಲೆ ಎಂಬ ಪ್ರಕೃತಿಯ ಕ್ರಮಕ್ಕೆ ಮನುಷ್ಯನ ಮೆದುಳು ಒಗ್ಗಿದೆ.

ಹಾಡನ್ನು ಸ್ಲೋ ಮೋಷನ್‌ನಲ್ಲಿ ತೆಗೆಯುವಾಗ ಇನ್ನೊಂದು ತೊಡಕು. ಕ್ಯಾಮೆರಾ ಸೆಕೆಂಡಿಗೆ 48 ಫ್ರೇಮುಗಳಂತೆ ಓಡಿದರೆ ತೆರೆಯ ಮೇಲೆ ಚಲನೆ ಅರ್ಧ ವೇಗಕ್ಕೆ ಇಳಿಯುತ್ತದೆ. ಆಗಲೂ ತುಟಿ ಹೊಂದಬೇಕಾದರೆ ಚಿತ್ರೀಕರಣದಲ್ಲಿ ಹಾಡನ್ನು ಇಮ್ಮಡಿ ವೇಗದಲ್ಲಿ ನುಡಿಸಬೇಕು, ನಟ ಅದೇ ಓಟದಲ್ಲಿ ಬಾಯಿ ಆಡಿಸಬೇಕು. ಸ್ಥಳದಲ್ಲಿ ನಿಂತು ನೋಡುವವರಿಗೆ ಇದು ನಗೆ ತರಿಸುವ ದೃಶ್ಯ. ತೆರೆಯ ಮೇಲೆ ಮಾತ್ರ ಕನಸಿನಂತೆ ತೇಲುತ್ತದೆ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದ ಸ್ಲೋ ಮೋಷನ್ ಗೀತೆಯನ್ನು 1972ರಿಂದ ಇಂದಿನವರೆಗೂ ಜನ ನೆನೆಯುವುದು ಈ ತೇಲುವಿಕೆಗಾಗಿಯೇ.

ತುಟಿ ತಪ್ಪಿದ್ದು ಎಲ್ಲಕ್ಕಿಂತ ಮೊದಲು ಗೊತ್ತಾಗುವುದು ಪ, ಬ, ಮ ಅಕ್ಷರಗಳಲ್ಲಿ. ನಮ್ಮ ವ್ಯಾಕರಣ ಇವನ್ನು ಓಷ್ಠ್ಯಗಳೆಂದು ಕರೆಯುತ್ತದೆ. ಎರಡೂ ತುಟಿ ಮುಚ್ಚದೆ ಇವು ಹುಟ್ಟುವುದಿಲ್ಲ. ಕ, ಗ, ನ, ಲ ಅಕ್ಷರಗಳು ಬಾಯಿಯ ಒಳಗೇ ನಡೆಯುವುದರಿಂದ ನಟ ತುಸು ತಪ್ಪಿದರೂ ಪಾರಾಗಬಹುದು. ಆದರೆ ‘ಅಮ್ಮ’ ಎಂಬಲ್ಲಿ ಬಾಯಿ ತೆರೆದೇ ಇದ್ದರೆ ಮಗುವಿಗೂ ತಿಳಿಯುತ್ತದೆ. ಕಣ್ಣು ಕಿವಿಯನ್ನು ಎಷ್ಟರ ಮಟ್ಟಿಗೆ ಆಳುತ್ತದೆಂಬುದನ್ನು 1976ರಲ್ಲಿ ಹ್ಯಾರಿ ಮೆಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ತೋರಿಸಿಕೊಟ್ಟರು. ‘ಬ’ ಎಂಬ ದನಿಗೆ ‘ಗ’ ಎನ್ನುವ ತುಟಿಯ ಚಿತ್ರವನ್ನು ಜೋಡಿಸಿದಾಗ ಬಹುತೇಕ ಮಂದಿಗೆ ಕೇಳಿಸಿದ್ದು ‘ಡ’ಕ್ಕೆ ಹತ್ತಿರವಾದ ಮೂರನೆಯ ದನಿ.

ಮೈಸೂರು ಆಸ್ಥಾನದ ವಿದ್ವಾಂಸರಾಗಿದ್ದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರ ನಿರೋಷ್ಠ ರಾಗವನ್ನು ಇಲ್ಲಿ ನೆನೆಯದಿರಲಾಗದು. ಮ ಮತ್ತು ಪ ಎಂಬ ಎರಡು ಸ್ವರಗಳನ್ನೇ ವರ್ಜಿಸಿದ ಆ ರಾಗದ ಸ್ವರಗಳನ್ನು ಹಾಡುವಾಗ ತುಟಿಗೆ ತುಟಿ ತಾಗುವುದೇ ಇಲ್ಲ. ಲಿಪ್ ಸಿಂಕ್ ಮಾಡುವವರಿಗೆ ಇದಕ್ಕಿಂತ ಅನುಕೂಲವಾದ ರಾಗ ಇನ್ನೊಂದಿರಲಾರದು!

ಬಯಲಿನಲ್ಲಿ ದನಿ ತಡವಾಗುವ ಬಗೆ

ಈಗ ವೇದಿಕೆಗೆ ಬರೋಣ. ಅಲ್ಲಿ ಮುದ್ರಿತ ದನಿಯನ್ನು ಬಳಸುವುದರಲ್ಲಿ ಹಲವು ಮೆಟ್ಟಿಲುಗಳಿವೆ. ವಾದ್ಯಗಳು ಮಾತ್ರ ಮುದ್ರಿತವಾಗಿದ್ದು ಗಾಯನ ನಿಜವಾಗಿದ್ದರೆ ಅದು ಕರೋಕೆ. ನಮ್ಮ ಕಲಾವಿದರ ಬಾಯಲ್ಲಿ ಮೈನಸ್ ಟ್ರ್ಯಾಕ್. ಕೋರಸ್ ಅಥವಾ ಗಾಯಕರ ದನಿಯ ಒಂದು ಪದರವನ್ನು ಕೆಳಗೆ ಹರಿಸಿ ಅದರ ಮೇಲೆ ಹಾಡುವುದು ಎರಡನೆಯದು. ಕುಣಿತವಿರುವ ಪಾಪ್ ಗೋಷ್ಠಿಗಳಲ್ಲಿ ಇದು ಜಗತ್ತಿನಾದ್ಯಂತ ಸಾಮಾನ್ಯ. ಮೈಕನ್ನೇ ಬಂದ್ ಮಾಡಿ ತುಟಿಯನ್ನಷ್ಟೇ ಆಡಿಸುವುದು ಕೊನೆಯದು. ದೂರು ಹುಟ್ಟಬೇಕಾದದ್ದು ಇದರ ಮೇಲೆ. ಆದರೆ ಮೊದಲೆರಡನ್ನೂ ಸೇರಿಸಿ ಬಯ್ಯುವವರೇ ಹೆಚ್ಚು.

ಮೋಸವಿಲ್ಲದೆಯೂ ತುಟಿ-ದನಿ ತಪ್ಪಬಹುದೆಂಬುದನ್ನು ತುಮಕೂರು ರಸ್ತೆಯ ಮಾದಾವರದ ಬಳಿಯಿರುವ ನೈಸ್ ಮೈದಾನಕ್ಕೆ ಹೋದವರು ಅನುಭವದಿಂದ ಬಲ್ಲರು. ಪೀಣ್ಯದಿಂದ ಕೆಲವೇ ನಿಲ್ದಾಣಗಳಾಚೆಗೆ, 2024ರ ನವೆಂಬರ್‌ನಲ್ಲಿ ಮೆಟ್ರೋ ತಲುಪಿದ ಈ ಭಾಗ ಈಗ ಅಂತಾರಾಷ್ಟ್ರೀಯ ಗಾಯಕರ ಗೋಷ್ಠಿಗಳ ತಾಣವಾಗಿದೆ. 2024ರ ಡಿಸೆಂಬರ್‌ನಲ್ಲಿ ಬ್ರಯಾನ್ ಆಡಮ್ಸ್, 2025ರ ಫೆಬ್ರುವರಿ 8 ಮತ್ತು 9ರಂದು ಎಡ್ ಶೀರನ್ ಇಲ್ಲಿ ಹಾಡಿದರು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ವೇದಿಕೆಯಿಂದ 100 ಮೀಟರ್ ದೂರದಲ್ಲಿ ನಿಂತವನಿಗೆ ಹಾಡು ಸೆಕೆಂಡಿನ ಹತ್ತಿರಹತ್ತಿರ ಮೂರನೆಯ ಒಂದು ಪಾಲು ತಡವಾಗಿ ತಲುಪುತ್ತದೆ. ಬೃಹತ್ ಎಲ್‌ಇಡಿ ಪರದೆಯಲ್ಲಿ ಕಾಣುವ ತುಟಿ ಮಾತ್ರ ಕಣ್ಣಿಗೆ ಆ ಕ್ಷಣವೇ ಬಿದ್ದಿರುತ್ತದೆ. ಮೈದಾನದ ನಡುವೆ ನಿಲ್ಲಿಸುವ ಹೆಚ್ಚುವರಿ ಸ್ಪೀಕರ್ ಗೋಪುರಗಳಿಗೂ, ವೇದಿಕೆಯಿಂದ ಬರುವ ದನಿಯೊಡನೆ ಕೂಡಿಕೊಳ್ಳಲೆಂದು ಬೇಕೆಂದೇ ಅಷ್ಟು ತಡ ಕೊಡಲಾಗುತ್ತದೆ. ಆದ್ದರಿಂದ ಹಿಂದೆ ನಿಂತು ಮೊಬೈಲಿನಲ್ಲಿ ಚಿತ್ರೀಕರಿಸಿದ ತುಣುಕನ್ನು ತೋರಿಸಿ ಗಾಯಕ ಹಾಡಲೇ ಇಲ್ಲವೆಂದು ತೀರ್ಮಾನಿಸುವುದು ಅವಸರದ ಮಾತು.

ಎಡ್ ಶೀರನ್ ನಿಜವಾಗಿ ಹಾಡಬಲ್ಲರೆಂಬುದಕ್ಕೆ ಸಾಕ್ಷ್ಯ ದೊರೆತದ್ದು ಮಾತ್ರ ಬೇರೆಡೆ, ಅದೂ ತಮಾಷೆಯಾಗಿ. ಫೆಬ್ರುವರಿ 9ರಂದು ಅವರು ಚರ್ಚ್ ಸ್ಟ್ರೀಟ್‌ನ ಪಾದಚಾರಿ ಮಾರ್ಗದಲ್ಲಿ ಹಾಡತೊಡಗಿದಾಗ, ಅನುಮತಿಯಿಲ್ಲವೆಂದು ಪೊಲೀಸ್ ಸಿಬ್ಬಂದಿಯೊಬ್ಬರು ಬಂದು ಮೈಕಿನ ತಂತಿಯನ್ನೇ ಕಿತ್ತರು. ದನಿ ಅಲ್ಲಿಗೇ ನಿಂತಿತು.

ನೇರ ಗಾಯನಕ್ಕಿರುವ ಇನ್ನೊಂದು ಗುಣವೆಂದರೆ ಸಭೆ ಅದಕ್ಕೆ ಮಾತು ಹೇಳಬಹುದು, ಗಾಯಕ ಮಾರುತ್ತರ ಕೊಡಬಹುದು. ಅದು ಯಾವಾಗಲೂ ಸಿಹಿಯಾಗಿರಬೇಕೆಂದಿಲ್ಲ. 2006ರ ‘ಮುಂಗಾರು ಮಳೆ’ಯಲ್ಲಿ ಗಣೇಶ್ ಅವರ ತುಟಿಗೆ ದನಿಯಾಗಿ ಕನ್ನಡಿಗರ ಮನಗೆದ್ದ ಸೋನು ನಿಗಮ್ 2025ರ ಏಪ್ರಿಲ್‌ನಲ್ಲಿ ವೈಟ್‌ಫೀಲ್ಡ್ ಕಡೆಯ ವಿರ್ಗೋನಗರದ ಕಾಲೇಜೊಂದರಲ್ಲಿ ಹಾಡುತ್ತಿದ್ದಾಗ ಸಭೆಯಿಂದ ಕನ್ನಡ ಹಾಡಿನ ಬೇಡಿಕೆ ಬಂತು. ಅದಕ್ಕೆ ಅವರು ಆಡಿದ ಮಾತು ವಿವಾದವಾಗಿ, ಪೊಲೀಸ್ ದೂರು, ಚಲನಚಿತ್ರ ವಾಣಿಜ್ಯ ಮಂಡಳಿಯ ಅಸಹಕಾರದ ನಿರ್ಣಯ, ಕೊನೆಗೆ ಗಾಯಕರ ಕ್ಷಮಾಯಾಚನೆಯವರೆಗೆ ಹೋಯಿತು. ಇಂತಹ ಜಗಳವನ್ನು ಧ್ವನಿಮುದ್ರಿಕೆಯೊಡನೆ ಆಡಲು ಬರುವುದಿಲ್ಲ.

ಸಿಕ್ಕಿಬಿದ್ದವರು

ಲಿಪ್ ಸಿಂಕ್ ಇತಿಹಾಸದ ಅತಿ ದೊಡ್ಡ ಹಗರಣ ಮಿಲಿ ವನಿಲಿ ಜೋಡಿಯದು. 1989ರಲ್ಲಿ ಅಮೆರಿಕದ ಬ್ರಿಸ್ಟಲ್‌ನಲ್ಲಿ ಕಾರ್ಯಕ್ರಮ ನಡೆಯುತ್ತಿರುವಾಗ ಮುದ್ರಿತ ಹಾಡು ಒಂದೇ ಸಾಲಿನಲ್ಲಿ ಸಿಕ್ಕಿಕೊಂಡು ಮತ್ತೆಮತ್ತೆ ಕೇಳಿಬಂತು. ಆಲ್ಬಂನಲ್ಲಿಯೂ ಹಾಡಿದ್ದು ಅವರಲ್ಲವೆಂದು ಮರುವರ್ಷ ನಿರ್ಮಾಪಕ ಫ್ರಾಂಕ್ ಫಾರಿಯನ್ ಒಪ್ಪಿಕೊಂಡಾಗ ಅವರಿಗೆ ಬಂದಿದ್ದ ಗ್ರ್ಯಾಮಿ ಪ್ರಶಸ್ತಿಯನ್ನು ಹಿಂಪಡೆಯಲಾಯಿತು. 2008ರ ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ವೇದಿಕೆಯ ಮೇಲೆ ಕಂಡ ಬಾಲಕಿ ಲಿನ್ ಮಿಯಾವೋಕೆ. ಕೇಳಿಸಿದ ದನಿ ಮಾತ್ರ ಯಾಂಗ್ ಪೈಯಿ ಎಂಬ ಇನ್ನೊಬ್ಬ ಬಾಲಕಿಯದು. ಮುಖ ಚೆಂದವಿಲ್ಲವೆಂದು ಏಳು ವರ್ಷದ ಮಗುವನ್ನು ಮರೆಗೆ ಸರಿಸಿದ್ದು ಹಾಡು ಸುಳ್ಳಾದುದಕ್ಕಿಂತ ಹೆಚ್ಚಿನ ನೋವು ತಂದಿತು. ಇನ್ನೊಂದೆಡೆ, 2006ರ ಟ್ಯೂರಿನ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪವರೊಟ್ಟಿ ತಮ್ಮದೇ ಮುದ್ರಿತ ದನಿಗೆ ತುಟಿ ಆಡಿಸಿದ್ದರೆಂದು ತಿಳಿದಾಗ ಜನ ಅಷ್ಟಾಗಿ ಸಿಟ್ಟಾಗಲಿಲ್ಲ. ಅವರ ಆರೋಗ್ಯ ಕೆಟ್ಟಿತ್ತು, ಚಳಿ ಕಠಿಣವಾಗಿತ್ತು, ಎಲ್ಲಕ್ಕಿಂತ ಮಿಗಿಲಾಗಿ ದನಿ ಅವರದೇ ಆಗಿತ್ತು.

ರಸಮಂಜರಿಯ ಕಲಾವಿದರ ಪಾಡು

ನಮ್ಮ ಹೊರವಲಯದ ವೇದಿಕೆಗಳಲ್ಲಿ ಗ್ರ್ಯಾಮಿಯ ಮಾತಿಲ್ಲ. ಇಲ್ಲಿ ಪಣಕ್ಕಿರುವುದು ಕೂಲಿ. ಒಂದು ಪೂರ್ಣ ಆರ್ಕೆಸ್ಟ್ರಾ ಎಂದರೆ ಗಾಯಕ-ಗಾಯಕಿಯರಲ್ಲದೆ ಕೀಬೋರ್ಡ್, ರಿದಂ ಪ್ಯಾಡ್, ತಬಲಾ, ಢೋಲಕ್, ಗಿಟಾರ್, ಕೊಳಲು ಹೀಗೆ ಹತ್ತಾರು ಮಂದಿಯ ಸಂಜೆಯ ಸಂಪಾದನೆ. ಹಗಲು ಲೇತ್ ಯಂತ್ರದ ಮುಂದೆ ನಿಂತು ರಾತ್ರಿ ತಬಲಾ ನುಡಿಸುವವರು ಈ ತಂಡಗಳಿಗೆ ಹೊಸಬರಲ್ಲ. ದೂರವಾಣಿನಗರದ ಐಟಿಐ, ಜಾಲಹಳ್ಳಿಯ ಬಿಇಎಲ್ ಮತ್ತು ಎಚ್‌ಎಂಟಿ ಮುಂತಾದ ಸಾರ್ವಜನಿಕ ಉದ್ದಿಮೆಗಳ ಕನ್ನಡ ಸಂಘಗಳು ವೈಭವದಿಂದಿದ್ದ ದಿನಗಳಲ್ಲಿ ರಾಜ್ಯೋತ್ಸವವೆಂದರೆ ನವೆಂಬರ್ 1ಕ್ಕೆ ಮುಗಿಯುತ್ತಿರಲಿಲ್ಲ, ತಿಂಗಳಿಡೀ ಕಾರ್ಯಕ್ರಮಗಳಿರುತ್ತಿದ್ದವು. ಆ ಕಾರ್ಖಾನೆಗಳಲ್ಲಿ ಕೆಲವು ಸೊರಗಿದವು, ಕೆಲವು ಮುಚ್ಚಿದವು. ಅವುಗಳ ಜಾಗಕ್ಕೆ ಬಂದ ಖಾಸಗಿ ಕಂಪನಿಗಳ ಸಮಾರಂಭದಲ್ಲಿ ಲ್ಯಾಪ್‌ಟಾಪ್ ಒಂದರಿಂದಲೇ ಇಡೀ ವಾದ್ಯವೃಂದ ಹೊರಡುತ್ತದೆ.

ಸಂಘಟಕರಿಗೂ ಅವರದೇ ಕಾರಣಗಳಿವೆ. ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳು, 2000 ಇವುಗಳ ಪ್ರಕಾರ ರಾತ್ರಿ 10ರ ನಂತರ ಧ್ವನಿವರ್ಧಕ ನಿಲ್ಲಬೇಕು. ಗಣ್ಯರ ಭಾಷಣ, ಬಹುಮಾನ ವಿತರಣೆ, ನೌಕರರ ನೃತ್ಯ ಎಲ್ಲ ಮುಗಿಯುವ ವೇಳೆಗೆ ಹಾಡಿಗೆ ಉಳಿಯುವುದು ಮುಕ್ಕಾಲು ಗಂಟೆ. ಹತ್ತು ಮೈಕುಗಳನ್ನು ಹೊಂದಿಸಲು ಸಮಯವಿಲ್ಲ. ಕುಣಿಯುತ್ತ ಹಾಡುವಾಗ ಉಸಿರು ಸಾಲದು. ಇವು ಸುಳ್ಳು ನೆಪಗಳಲ್ಲ. ಆದರೆ ಟ್ರ್ಯಾಕ್ ಹಾಕಿಯೂ ಕರಪತ್ರದಲ್ಲಿ ಲೈವ್ ಆರ್ಕೆಸ್ಟ್ರಾ ಎಂದು ಅಚ್ಚು ಹಾಕಿಸುವುದಕ್ಕೆ ಇವು ಸಮರ್ಥನೆಯಾಗವು. ನಿಜವಾಗಿ ಹಾಡುವ ತಂಡ ಕೇಳುವ ಸಂಭಾವನೆ ದುಬಾರಿಯೆಂದು ಕಾಣುವುದು ಈ ಅಚ್ಚಿನಿಂದಲೇ.

ಭಾರತದಲ್ಲಿ ಲಿಪ್ ಸಿಂಕನ್ನೇ ನಿಷೇಧಿಸುವ ಪ್ರತ್ಯೇಕ ಕಾನೂನಿಲ್ಲ. ತುರ್ಕಮೆನಿಸ್ತಾನದ ಅಧ್ಯಕ್ಷ ನಿಯಾಜೋವ್ 2005ರಲ್ಲಿ ಅಂಥ ನಿಷೇಧವನ್ನೇ ಹೊರಡಿಸಿದ್ದರು. ನಮ್ಮಲ್ಲಿ ಹಣ ಕೊಟ್ಟು ಟಿಕೆಟ್ ಪಡೆದವರು ದಿಕ್ಕುತಪ್ಪಿಸುವ ಜಾಹೀರಾತೆಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಆಶ್ರಯ ಪಡೆಯಬಹುದು. ಧ್ವನಿಮುದ್ರಿಕೆಯನ್ನು ಸಾರ್ವಜನಿಕವಾಗಿ ನುಡಿಸಲು ಹಕ್ಕುದಾರರ ಪರವಾನಗಿ ಬೇಕೆಂಬುದು ಇನ್ನೊಂದು ಸಂಗತಿ. 1957ರ ಕೃತಿಸ್ವಾಮ್ಯ ಕಾಯ್ದೆ ಧಾರ್ಮಿಕ ವಿಧಿಗಳಿಗೂ ಸರ್ಕಾರಿ ಸಮಾರಂಭಗಳಿಗೂ ವಿನಾಯಿತಿ ನೀಡಿದೆ. ಕಂಪನಿಯ ವಾರ್ಷಿಕೋತ್ಸವ ಈ ಎರಡರಲ್ಲಿ ಯಾವುದಕ್ಕೂ ಸೇರದು. ಅದೇ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಗಾಯಕರಿಗೆ ರಾಯಧನದ ಪಾಲನ್ನೂ, ತಮ್ಮ ಗಾಯನಕ್ಕೆ ತಮ್ಮ ಹೆಸರು ಹೇಳಿಸಿಕೊಳ್ಳುವ ನೈತಿಕ ಹಕ್ಕನ್ನೂ ನೀಡಿತು. ಇಲ್ಲದ ದನಿಯನ್ನು ಯಂತ್ರದಿಂದ ಹುಟ್ಟಿಸುವ ಕಾಲ ಬಂದಿರುವಾಗ ಈ ಹಕ್ಕು ದೊಡ್ಡದಾಗಿ ಕಾಣುತ್ತದೆ. 2024ರ ತಮಿಳು ಚಿತ್ರ ‘ಲಾಲ್ ಸಲಾಂ’ನಲ್ಲಿ ಎ.ಆರ್. ರೆಹಮಾನ್ ದಿವಂಗತರಾದ ಇಬ್ಬರು ಗಾಯಕರ ದನಿಯನ್ನು ಕೃತಕ ಬುದ್ಧಿಮತ್ತೆಯಿಂದ ಮರುಸೃಷ್ಟಿಸಿ, ಅವರ ಕುಟುಂಬಗಳ ಅನುಮತಿ ಪಡೆದು ಸಂಭಾವನೆ ಸಲ್ಲಿಸಿದುದಾಗಿ ಹೇಳಿದ್ದರು.

ಈ ಬಾರಿ ರಸಮಂಜರಿ ಗೊತ್ತುಪಡಿಸುವ ಸಂಘದವರು ಮುಂಗಡ ಕೊಡುವ ಮೊದಲು ತಂಡದವರನ್ನು ಕೆಲವು ಮಾತು ಕೇಳಬಹುದು. ವಾದ್ಯಗಾರರು ಎಷ್ಟು ಮಂದಿ ಬರುತ್ತಾರೆ, ಯಾವ ಹಾಡುಗಳು ಟ್ರ್ಯಾಕಿನ ಮೇಲೆ, ಧ್ವನಿ ಪರೀಕ್ಷೆಗೆ ಎಷ್ಟು ಹೊತ್ತು ಬೇಕು. ಉತ್ತರವನ್ನು ಕರಾರಿನಲ್ಲಿ ಬರೆದುಕೊಂಡು, ಕರಪತ್ರದಲ್ಲಿಯೂ ಹಾಗೆಯೇ ಅಚ್ಚು ಹಾಕಿಸಿದರೆ ಸಾಕು. ಜೂನಿಯರ್ ವಿಷ್ಣುವರ್ಧನ್ ಅವರನ್ನು ಕರೆಸುವುದಾದರೆ ಈ ಯಾವ ಪ್ರಶ್ನೆಯೂ ಬೇಕಿಲ್ಲ.